ಹುಲಿಯನ್ನು ಬಿಟ್ಟು ಪಿಕಳಾರದ ಹಿಂದೆ ಏಕೆ?

ತೋಟ ನೋಡಲು ಬರುವ ನೆಂಟರು, ಪಕ್ಕದ ಹೋಮ್‌ಸ್ಟೇಯ ಅತಿಥಿಗಳು, ಕ್ಯಾಮೆರಾ ಹೆಗಲಿಗೇರಿಸಿ ಹೊರಟಾಗ ಎದುರಾಗುವ ಊರವರು, ಎಲ್ಲರೂ ಕೇಳುವುದು ಒಂದೇ: "ನಾಗರಹೊಳೆ ಇಷ್ಟು ಹತ್ತಿರವಿದೆ. ಹುಲಿ, ಆನೆ ಬಿಟ್ಟು ಈ ಪಿಕಳಾರ, ಕಾಜಾಣಗಳನ್ನೇ ಏಕೆ ತೆಗೆಯುತ್ತೀರಿ? ಇವು ದಿನವೂ ಕಾಣುತ್ತವಲ್ಲ?"

ದಿನವೂ ಕಾಣುತ್ತವೆ, ಅದಕ್ಕೇ ತೆಗೆಯುತ್ತೇನೆ. ಸಫಾರಿಯಲ್ಲಿ ಜೀಪು ನಿಲ್ಲುವ ಜಾಗ ನನ್ನ ಕೈಯಲ್ಲಿಲ್ಲ, ಬೆಳಕೂ ಇಲ್ಲ, ಹೊತ್ತಂತೂ ಇಲ್ಲವೇ ಇಲ್ಲ. ತೋಟದ ಹಕ್ಕಿಯಾದರೆ ಯಾವ ಹೊತ್ತಿಗೆ ಯಾವ ಕೊಂಬೆಗೆ ಬರುತ್ತದೆ, ಬಂದು ಏನು ಮಾಡುತ್ತದೆ ಎಂದು ತಿಳಿದುಕೊಳ್ಳಬಹುದು. ತಿಳಿದ ಮೇಲೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಮೊದಲೇ ಹೋಗಿ ಕೂರಬಹುದು. ಲೆನ್ಸ್ ಎಷ್ಟೇ ಉದ್ದವಿರಲಿ, ಈ ಪರಿಚಯವಿಲ್ಲದೆ ಒಳ್ಳೆಯ ಚಿತ್ರ ಸಿಗುವುದು ಅಪರೂಪ.

ಹಾಲುವಾಣದ ಮರವನ್ನೇ ನೋಡಿ. ಕಾಫಿಗೆ ನೆರಳಾಗಲಿ, ಮೆಣಸಿನ ಬಳ್ಳಿಗೆ ಆಸರೆಯಾಗಲಿ ಎಂದು ನೆಟ್ಟ ಮರ. ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ ಯಾರೂ ತಲೆಯೆತ್ತಿ ನೋಡದ ದಿನಗಳಲ್ಲಿ ಅದು ಎಲೆ ಉದುರಿಸಿ ಕೆಂಪು ಹೂ ಬಿಡುತ್ತದೆ. ಬೆಳಗಿನ ಮಂಜು ಕರಗುವಷ್ಟರಲ್ಲಿ ಕೆಮ್ಮೀಸೆ ಪಿಕಳಾರ, ಕಾಡು ಮೈನಾ, ಕಾಜಾಣ, ಸೂರಕ್ಕಿ ಎಲ್ಲವೂ ಅಲ್ಲಿ ಹಾಜರು. ಎಲೆಯ ಮರೆಯಿಲ್ಲ, ಕತ್ತು ನೋಯುವಷ್ಟು ನೋಡಬಹುದು. ಕಾಡು ಮೈನಾ ಮಕರಂದಕ್ಕಾಗಿ ಹೂವಿನೊಳಗೆ ಕೊಕ್ಕು ತೂರಿಸಿದಾಗ, ಮೂಗಿನ ಮೇಲೆ ನೆಟ್ಟಗೆ ನಿಂತ ಅದರ ಗಿಡ್ಡ ಜುಟ್ಟಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಅದನ್ನು ಹೊತ್ತುಕೊಂಡೇ ಮುಂದಿನ ಹೂವಿಗೆ ಹಾರುತ್ತದೆ. ಪರಾಗಸ್ಪರ್ಶವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಕಣ್ಣೆದುರೇ ನಡೆಯುವಾಗ ಅದನ್ನು ಹಿಡಿಯದೆ ಹೇಗಿರಲಿ?

ಕಾಜಾಣ ಇನ್ನೂ ಕಷ್ಟದ ಹಕ್ಕಿ. ಆಕಾಶದ ಎದುರು ಕುಳಿತರೆ ಚಿತ್ರದಲ್ಲಿ ಬರೀ ಕಪ್ಪು ಆಕಾರ ಮೂಡುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಒಂದು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ) ಏರಿಸಿದರೆ ಮಾತ್ರ ಕಣ್ಣು ಕಾಣುತ್ತದೆ. ಇಳಿಬಿಸಿಲು ಪಕ್ಕದಿಂದ ಬಿದ್ದಾಗ ಆ ಕಪ್ಪಿನೊಳಗಿಂದ ನೀಲಿ ಹೊಳಪು ಏಳುತ್ತದೆ. ಕೊಕ್ಕಿನ ಬುಡದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆಯೂ ಕಾಣಿಸುತ್ತದೆ. ತಂತಿಯ ಮೇಲಿನಿಂದ ಹಾರಿ ಹುಳ ಹಿಡಿದ ಕಾಜಾಣ ಸಾಮಾನ್ಯವಾಗಿ ಮೊದಲಿನ ಜಾಗಕ್ಕೇ ಮರಳುತ್ತದೆ. ಹಾಗಾಗಿ ಅದನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲ. ಫೋಕಸ್ ಅಲ್ಲೇ ಇರಿಸಿ, ಶಟರ್ ವೇಗವನ್ನು ಸೆಕೆಂಡಿನ 1/2000ಕ್ಕೆ ಏರಿಸಿ ಕಾದರೆ ರೆಕ್ಕೆ ಬಿಚ್ಚಿ ಇಳಿಯುವುದು ಸಿಗುತ್ತದೆ. ಗದ್ದೆಯ ಕೆಸರಿನಲ್ಲಿ ನಿಂತ ಬೆಳ್ಳಕ್ಕಿಗೆ ಲೆಕ್ಕ ತಿರುಗುಮುರುಗು, ಅಲ್ಲಿ ಎಕ್ಸ್‌ಪೋಷರ್ ಇಳಿಸಬೇಕು, ಇಲ್ಲದಿದ್ದರೆ ಗರಿಯ ಎಳೆಯೇ ಕಾಣದು.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಮಳೆ ತುಸು ಬಿಟ್ಟಾಗ ಅಡಿಕೆ ಮರಗಳ ಬಳಿ ಹೋದರೆ ಹಾರುವ ಓತಿ ಕಾಣಬಹುದು. ತೊಗಟೆಗೆ ಅಂಟಿದಂತೆ ಕುಳಿತ ಗಂಡು ಗಂಟಲಿನ ಹಳದಿ ಚೀಲವನ್ನು ಹೊರಚಾಚಿದಾಗ ಮಾತ್ರ ಅಲ್ಲೊಂದು ಜೀವವಿದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇದೆ, ಅದು ನನಗೆ ಆತಂಕದ ವಿಷಯ. ಹವ್ಯಾಸಿಗಳು ತಾವು ಕಂಡ ಹಕ್ಕಿಗಳ ಲೆಕ್ಕ ಬರೆದಿಡುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಿದ ವಿವರಗಳ ಆಧಾರದ ಮೇಲೆ 942 ಪ್ರಭೇದಗಳ ಸ್ಥಿತಿಗತಿ ತಿಳಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಲ್ಲಿ, ಇಳಿಮುಖವಾದವುಗಳ ಸಾಲಿನಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ. ತಂತಿಯ ಮೇಲೆ ಕುಳಿತಿರುತ್ತಿದ್ದ, ಯಾರೂ ವಿಶೇಷವೆಂದುಕೊಳ್ಳದ ಹಕ್ಕಿ ಅದು. ನಮ್ಮ ತೋಟಗಳಲ್ಲೂ ಅತ್ತಿ, ಬಸರಿ, ಗೋಣಿ ಮರಗಳಿದ್ದಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಿದೆ. ಅತ್ತಿಹಣ್ಣು ತಿನ್ನುವ ಕುಟ್ರು ಹಕ್ಕಿಗೆ ಸಿಲ್ವರ್ ಓಕ್‌ನಲ್ಲಿ ಏನಿದೆ? ಇಂದು ಸಾಮಾನ್ಯವಾಗಿರುವ ಹಕ್ಕಿಯ ಚಿತ್ರವನ್ನು ದಿನಾಂಕ, ಜಾಗದ ಸಮೇತ ಇ-ಬರ್ಡ್‌ಗೆ ಸೇರಿಸುವುದನ್ನು ನಾನು ತಪ್ಪಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಅತಿಥಿಗಳು ಕೇಳುತ್ತಾರೆ: "ಹಾಗಾದರೆ ಒಂದು ಗೂಡು ತೋರಿಸಿ, ಮರಿಗೆ ಗುಟುಕು ಕೊಡುವುದನ್ನು ತೆಗೆಯುತ್ತೇವೆ." ಅದಕ್ಕೆ ನಾನು ಒಪ್ಪುವುದಿಲ್ಲ. ಪಿಕಳಾರ ಕಾಫಿ ಗಿಡದಲ್ಲಿ ಕೈಗೆಟಕುವಷ್ಟು ಕೆಳಗೆ ಗೂಡು ಕಟ್ಟುತ್ತದೆ. ನಾವು ಕೊಂಬೆ ಸರಿಸಿ ನಿಂತರೆ ತಾಯಿ ಹಾರಿಹೋಗುತ್ತದೆ, ಕಾಗೆಗೂ ಕೆಂಬೂತಕ್ಕೂ ದಾರಿ ಗೊತ್ತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದಕ್ಕೂ ನನ್ನ ತೋಟದಲ್ಲಿ ಅವಕಾಶವಿಲ್ಲ. ಗೂಡಿರುವ ಗಿಡವನ್ನು ನಾನು ತೋರಿಸುವುದು ಚಿಗುರು ತೆಗೆಯಲು ಬರುವ ಕೆಲಸದವರಿಗೆ ಮಾತ್ರ, ಅದೂ ಮುಟ್ಟದೆ ಮುಂದಿನ ಗಿಡಕ್ಕೆ ಹೋಗಿ ಎಂದು ಹೇಳುವುದಕ್ಕೆ.