ಅಜಾನಿಗೆ ಮೊದಲೇ ಒಲೆ ಆರಿರಬೇಕು

ನಮ್ಮ ಅಮ್ಮಿ ಬಹಳ ವರ್ಷ ನಿಂತುಕೊಂಡೇ ರಮ್ಜಾನಿನ ರೋಜಾ, ಅಂದರೆ ಹಗಲಿನ ಉಪವಾಸ, ಬಿಟ್ಟರು. ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜಿನ ಅಜಾನ್ ಕೇಳಿಸುವ ಹೊತ್ತಿಗೆ ಮನೆಯ ಉಳಿದವರೆಲ್ಲ ದಸ್ತರಖಾನಿನ, ಅಂದರೆ ಊಟಕ್ಕೆ ಹಾಸುವ ಬಟ್ಟೆಯ, ಸುತ್ತ ಕುಳಿತಿರುತ್ತಿದ್ದೆವು. ಅವರು ಮಾತ್ರ ಬಾಣಲೆಯ ಮುಂದೆ ನಿಂತು ಕೊನೆಯ ಮಿರ್ಚಿ ಭಜಿಗಳನ್ನು ತೆಗೆಯುತ್ತಿರುತ್ತಿದ್ದರು, ನಾನು ಓಡಿಹೋಗಿ ಅವರ ಬಾಯಿಗೆ ಒಂದು ಖರ್ಜೂರ ಇಡುತ್ತಿದ್ದೆ. ಇಫ್ತಾರಿಗೆ ಮುಂಚಿನ ಆ ಕೆಲವು ನಿಮಿಷಗಳಲ್ಲಿ ಉಪವಾಸಿಗಳು ಬೇಡುವ ದುವಾ ವ್ಯರ್ಥವಾಗುವುದಿಲ್ಲವೆಂದು ನಂಬುವ ನಾವು, ದಿನವಿಡೀ ಹಸಿದಿದ್ದು ನಮಗೆಲ್ಲ ಅಡುಗೆ ಮಾಡಿದವರಿಗೇ ಆ ನಿಮಿಷಗಳನ್ನು ಉಳಿಸಿರಲಿಲ್ಲ. ನನಗೆ ಮದುವೆಯಾಗಿ, ರಾಯಚೂರಿನಲ್ಲಿ ಶಿಕ್ಷಕಿಯ ಕೆಲಸವೂ ಸಿಕ್ಕ ಮೇಲೆ ಅದೇ ಬಾಣಲೆಯ ಮುಂದೆ ನಾನು ನಿಂತಾಗ ಇದರ ಭಾರ ಅರಿವಾಯಿತು. ರಮ್ಜಾನಿನ ಅಡುಗೆಯನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವ ಪದ್ಧತಿಯನ್ನು ನಾನು ಆರಂಭಿಸಿದ್ದು ಇದಕ್ಕಾಗಿಯೇ ಹೊರತು, ದಸ್ತರಖಾನಿನ ಮೇಲೆ ಬಗೆಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಲ್ಲ.

ರೋಜಾ ಇರುವವರ ಅಡುಗೆಗೆ ಬೇರೆ ಅಡುಗೆಗಿಲ್ಲದ ಒಂದು ಕಷ್ಟವಿದೆ: ಮಾಡುವವರು ರುಚಿ ನೋಡುವಂತಿಲ್ಲ. ತೀರಾ ಅಗತ್ಯವಿದ್ದರೆ ನಾಲಿಗೆಯ ತುದಿಗೆ ಸೋಕಿಸಿ, ನುಂಗದೆ ಉಗುಳಬಹುದೆಂದು ತಿಳಿದವರು ಹೇಳುತ್ತಾರಾದರೂ ನನಗೆ ಅದಕ್ಕೆ ಮನಸ್ಸು ಬರುವುದಿಲ್ಲ. ಆದ್ದರಿಂದ ಉಪ್ಪು, ಖಾರ, ಹುಳಿಗಳ ಅಳತೆಯನ್ನೆಲ್ಲ ರಮ್ಜಾನಿಗೆ ಮುಂಚಿನ ಶಾಬಾನ್ ತಿಂಗಳಿನಲ್ಲೇ ಒಮ್ಮೆ ಮಾಡಿ, ತಿಂದು, ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತೇನೆ. ಅರ್ಧ ಕಿಲೋ ಒಣ ಕಡಲೆ ಬೇಯಿಸುವುದಾದರೆ ಎರಡು ಚಹಾ ಚಮಚ ಉಪ್ಪು ಎಂದು ಬರೆದಿದ್ದರೆ, ರೋಜಾ ಇದ್ದಾಗ ಅಂದಾಜಿಗೆ ಕೈ ಹಾಕಬೇಕಾಗಿಲ್ಲ. ರಮ್ಜಾನಿನ ರಾತ್ರಿಗಳ ವಿಶೇಷ ತರಾವೀಹ್ ನಮಾಜಿನ ನಂತರ ಮಾಡಿಡುವ ಅಡುಗೆಗೂ ಈ ಅನುಕೂಲವಿದೆ. ಆಗ ರುಚಿ ನೋಡಲು ಅಡ್ಡಿಯಿಲ್ಲ.

ಶಾಬಾನಿನ ಕೊನೆಯ ವಾರ ನಮ್ಮ ಮನೆಯಲ್ಲಿ ಮೊದಲು ಆಗುವ ಕೆಲಸ ರೊಟ್ಟಿಯದು. ಬಿಳಿಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಗರಿಗರಿಯಾಗುವಂತೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಪೇರಿಸಿಟ್ಟರೆ ತಿಂಗಳವರೆಗೆ ಕೆಡುವುದಿಲ್ಲ. ಈ ಸೀಮೆಯ ಎಲ್ಲರ ಮನೆಯ ಖಡಕ್ ರೊಟ್ಟಿಯೇ ನಮ್ಮ ಸಹರಿಯ, ಅಂದರೆ ರೋಜಾಕ್ಕೆ ಮುಂಚಿನ ನಸುಕಿನ ಊಟದ, ಆಧಾರ. ನಸುಕಿನಲ್ಲಿ ನಾಲ್ಕೂವರೆಗೆ ಎದ್ದು ಹಿಟ್ಟು ನಾದುವ ಬದಲು, ರೊಟ್ಟಿ ಮುರಿದು ಮೊಸರಿನಲ್ಲೋ ಬಿಸಿ ಬೇಳೆಯಲ್ಲೋ ನೆನೆಸಿಕೊಂಡರೆ ಊಟವಾಗುತ್ತದೆ, ಹೊಟ್ಟೆಯೂ ಬಹಳ ಹೊತ್ತು ತಡೆಯುತ್ತದೆ. ಶೇಂಗಾ ಹಿಂಡಿಯನ್ನೂ ಆಗಲೇ ಕುಟ್ಟಿಡುತ್ತೇವೆ, ಆದರೆ ಹಗಲಿನ ಬಾಯಾರಿಕೆಯನ್ನು ನೆನೆದು ಉಪ್ಪು, ಖಾರ ಎರಡನ್ನೂ ಕಡಿಮೆ ಹಾಕುತ್ತೇವೆ.

ಚಾಂದ್ರಮಾನದ ತಿಂಗಳಾದ್ದರಿಂದ ರಮ್ಜಾನ್ ವರ್ಷವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2018ರಲ್ಲಿ ನಮ್ಮಲ್ಲಿ ಮೊದಲ ರೋಜಾ ಮೇ 17ರಂದು, 2025ರಲ್ಲಿ ಮಾರ್ಚ್ 2ರಂದು ಬಂದಿತ್ತು. ರಾಯಚೂರಿನ ಮೇ ತಿಂಗಳನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಅಂಥ ಒಂದು ಬೇಸಿಗೆಯ ರಮ್ಜಾನಿನಲ್ಲಿ ನಾನು ಎರಡು ಕಿಲೋ ಖೀಮಾ ಹುರಿದು, ಸಮೋಸಾದ ಹೂರಣವೆಂದು ಫ್ರೀಜರಿನಲ್ಲಿ ಇಟ್ಟಿದ್ದೆ. ನಾವು ಊರಿಗೆ ಹೋಗಿದ್ದ ದಿನ ಬಹಳ ಹೊತ್ತು ಕರೆಂಟ್ ಹೋಗಿ, ಮರಳಿ ಬರುವಷ್ಟರಲ್ಲಿ ಅದೆಲ್ಲ ಕರಗಿ ವಾಸನೆ ಹಿಡಿದಿತ್ತು. ದುಡಿದು ತಂದ ಅನ್ನವನ್ನು ರಮ್ಜಾನಿನಲ್ಲಿ ಚೆಲ್ಲಬೇಕಾಯಿತಲ್ಲ ಎಂದು ಬಹಳ ನೊಂದೆ. ಅಂದಿನಿಂದ ನಾಲ್ಕು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಮಾಂಸದ ಅಡುಗೆಯನ್ನು ಕೂಡಿಡುವುದಿಲ್ಲ. ಬೇಯಿಸಿದ್ದನ್ನು ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಬೇಸಿಗೆಯಾದರೆ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ; ಗಟ್ಟಿಯಾದದ್ದನ್ನು ಕಟ್ಟೆಯ ಮೇಲಿಟ್ಟು ಕರಗಿಸದೆ, ಸಹರಿಯ ಹೊತ್ತಿನಲ್ಲಿ ಫ್ರೀಜರಿನಿಂದ ತೆಗೆದು ಕೆಳಗಿನ ಅರೆಗೆ ಇಡುತ್ತೇನೆ. ಸಂಜೆಯ ಹೊತ್ತಿಗೆ ಅದು ತಾನಾಗಿ ಬಿಟ್ಟಿರುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡುವುದಿಲ್ಲ.

ಹಲೀಮ್ ಮಾತ್ರ ಮುಂಚಿತ ಸಿದ್ಧತೆಯಿಲ್ಲದೆ ನೌಕರಿ ಮಾಡುವವರಿಗೆ ಸಾಧ್ಯವೇ ಇಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಊರಿನವರಿಗೆ ಹೈದರಾಬಾದಿನ ಈ ತಿನಿಸು ಹೊರಗಿನದಲ್ಲ. ಶನಿವಾರ ರಾತ್ರಿ ಗೋಧಿ ನುಚ್ಚನ್ನೂ ಕಡಲೆ, ಉದ್ದು, ಹೆಸರು, ಮಸೂರ ಬೇಳೆಗಳನ್ನೂ ನೆನೆಯಲು ಹಾಕಿ, ಭಾನುವಾರ ಅವುಗಳನ್ನು ಒಂದು ಪಾತ್ರೆಯಲ್ಲಿ, ಮಾಂಸವನ್ನು ಇನ್ನೊಂದರಲ್ಲಿ ಎಲುಬಿನಿಂದ ಬಿಡುವವರೆಗೆ ಬೇಯಿಸಿಕೊಳ್ಳುತ್ತೇನೆ. ಎರಡನ್ನೂ ಕೂಡಿಸಿ ಕಡಗೋಲಿನಿಂದ ಮಸೆಯುವ ಕೆಲಸವೇ ಹಲೀಮಿನ ಜೀವ. ಮಿಕ್ಸರಿಗೆ ಹಾಕಿದರೆ ಮಾಂಸದ ಎಳೆ ಸತ್ತು ಅಂಟಿನಂತಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಮಸೆಯುವ ಕೆಲಸವನ್ನು ಮನೆಯ ಗಂಡಸರು ಮತ್ತು ಹುಡುಗರು ಸರದಿಯಲ್ಲಿ ಮಾಡಬೇಕೆಂದು ನಾನು ನಿಯಮ ಮಾಡಿದ್ದೇನೆ. ಒಂದು ಪಾಲು ಅಂದಿಗೆ, ಇನ್ನೊಂದು ಪಾಲು ವಾರದ ನಡುವಿಗೆ. ಎರಡನೆಯ ಸಲ ಬಿಸಿ ಮಾಡುವಾಗ ಸ್ವಲ್ಪ ನೀರು ಬೆರೆಸಿ ಚೆನ್ನಾಗಿ ಕುದಿಸಿ, ಮೇಲೆ ತುಪ್ಪ, ಪುದೀನಾ, ಡಬ್ಬಿಯಲ್ಲಿ ಕಾದಿಟ್ಟ ಹುರಿದ ಈರುಳ್ಳಿ ಹಾಕಿದರೆ ರುಚಿಯಲ್ಲಿ ಕೊರತೆ ಕಾಣುವುದಿಲ್ಲ.

ಮಿರ್ಚಿ ಭಜಿಯನ್ನು ಮುಂಚೆಯೇ ಕರಿದಿಡಲು ಬರುವುದಿಲ್ಲ, ಅದಿಲ್ಲದೆ ಇಫ್ತಾರ್ ಎಂದರೆ ನಮ್ಮ ಮಕ್ಕಳು ಒಪ್ಪುವುದೂ ಇಲ್ಲ. ಕಡಲೆಹಿಟ್ಟು, ಅಜವಾನ, ಉಪ್ಪನ್ನು ಒಣಗಿದ್ದಂತೆಯೇ ಬೆರೆಸಿ ವಾರಕ್ಕಾಗುವಷ್ಟು ಡಬ್ಬಿಯಲ್ಲಿ ತುಂಬಿಡುತ್ತೇನೆ. ಮೆಣಸಿನಕಾಯಿ ಸೀಳಿ, ಹುಣಸೆ–ಜೀರಿಗೆಯ ಗೊಜ್ಜು ಸವರಿಡುವುದು ನಸುಕಿನಲ್ಲೇ ಮುಗಿಯುತ್ತದೆ. ಸಂಜೆ ಹಿಟ್ಟಿಗೆ ನೀರು ಸೇರಿಸುವುದು, ಕರಿಯುವುದು ಇವಿಷ್ಟೇ ಬಾಕಿ. ದಿನಕ್ಕೆ ಕರಿದ ತಿನಿಸು ಒಂದೇ ಎಂದೂ ಗೊತ್ತುಮಾಡಿಕೊಂಡಿದ್ದೇವೆ: ಭಜಿ ಇದ್ದ ದಿನ ಸಮೋಸಾ ಇಲ್ಲ. ಬೇಯಿಸಿದ ಕಡಲೆ, ಹಣ್ಣು, ಕಾಮಕಸ್ತೂರಿ ಬೀಜ ನೆನೆಸಿದ ನಿಂಬೆ ಶರಬತ್ತು ಪ್ರತಿದಿನ ಇರುತ್ತವೆ. ಮಾರ್ಚ್ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸುಮಾರು 6:30ಕ್ಕೆ. ಆರು ಗಂಟೆಗೆ ನೆರೆಮನೆಗಳ ತಟ್ಟೆಗಳು ಹೊರಡಬೇಕು, 6:15ಕ್ಕೆ ಒಲೆ ಆರಬೇಕು. ಹತ್ತನೆಯ ತರಗತಿಯ ಪರೀಕ್ಷೆಯ ಕೆಲಸ ಮುಗಿಸಿ ನಾಲ್ಕೂವರೆಗೆ ಮನೆಗೆ ಬರುವ ದಿನಗಳಲ್ಲಿಯೂ ಅಸರ್ ನಮಾಜ್ ಮುಗಿಸಿ ಇಷ್ಟನ್ನು ಮಾಡಲು ಆಗುತ್ತಿದೆ.

ಕೊನೆಯ ಹತ್ತು ದಿನಗಳಲ್ಲಿ ರಾತ್ರಿಯ ಪ್ರಾರ್ಥನೆ ಹೆಚ್ಚುವುದರಿಂದ ಅಡುಗೆಯನ್ನು ಇನ್ನಷ್ಟು ಇಳಿಸುತ್ತೇವೆ. ಬೇಳೆ, ಅನ್ನ, ಒಂದು ಪಲ್ಯ ಸಾಕು. ಇಪ್ಪತ್ತೈದನೆಯ ರೋಜಾದ ಮಧ್ಯಾಹ್ನ ಮಾತ್ರ ಹಬ್ಬದ ಶೀರ್ ಖುರ್ಮಾ ಪಾಯಸಕ್ಕೆ ಬಾದಾಮಿ, ಪಿಸ್ತಾ, ಒಣ ಖರ್ಜೂರ ಹೆಚ್ಚಿಡುವ ಕೆಲಸವಿರುತ್ತದೆ. ಅದನ್ನು ಅಮ್ಮಿ ಯಾರಿಗೂ ಬಿಟ್ಟುಕೊಡುವುದಿಲ್ಲ. ಈಗ ಅವರಿಗೆ ಹೆಚ್ಚು ಹೊತ್ತು ನಿಲ್ಲಲು ಆಗದು; ದಸ್ತರಖಾನ್ ಹಾಸುವ ಜಾಗದಲ್ಲೇ ಗೋಡೆಗೆ ಒರಗಿ ಕುಳಿತು, ಎಳೆ ಎಳೆಯಾಗಿ ಹೆಚ್ಚುತ್ತಾರೆ, ಸಂಜೆ ಅಲ್ಲಿಂದ ಏಳದೆಯೇ ಎಲ್ಲರಿಗಿಂತ ಮೊದಲು ದುವಾಕ್ಕೆ ಕೈ ಎತ್ತುತ್ತಾರೆ.