ಸಮುದ್ರದ ಬಾಜೂಕ ಇದ್ರ ಕಲಾ ತಾನ ಬರತದೇನ್ರಿ?

ನನ್ನದು ಧಾರವಾಡದಲ್ಲಿ ಫೋಟೋಗೆ, ಚಿತ್ರಕ್ಕೆ ಕಟ್ಟು ಹಾಕುವ ಅಂಗಡಿ. ದೊಡ್ಡದೇನಲ್ಲ. ಹತ್ತು ಅಡಿ ಅಗಲ. ಗೋಡೆ ತುಂಬ ಪಟ್ಟಿಗಳ ಮಾದರಿ, ನಡುವೆ ಗಾಜು ಕೊಯ್ಯುವ ಮೇಜು. ವರ್ಷಕ್ಕೆ ನಾಲ್ಕೈದು ಸಲ ಕಟ್ಟು ಹಾಕಿದ ಚಿತ್ರಗಳನ್ನು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಹೋಗುತ್ತೇನೆ. ಶಟರ್ ಮೇಲೆ ಚೀಟಿ ಅಂಟಿಸಿರುತ್ತೇನೆ: ‘ಕಾರವಾರಕ್ಕೆ ಹೋಗಿದ್ದೇನೆ, ಸೋಮವಾರ ಸಿಗುತ್ತೇನೆ.’

ಸೋಮವಾರ ಬಾಗಿಲು ತೆಗೆದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ. “ಏನ್ರಿ ಸಾವ್ಕಾರ್ರ, ಅಲ್ಲಿ ಸಮುದ್ರದ ಬಾಜೂಕ ಇರೋ ಮಂದಿಗೆ ಕಲಾ ಅನ್ನೂದು ತಾನ ಬರತದೇನ್ರಿ?”

ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಆದರೆ ಗಾಜು ಒರೆಸುತ್ತಾ ಅಷ್ಟೇ ಹೇಳಿದರೆ ಕೇಳಿದವರಿಗೆ ಬೇಜಾರು. ಅದಕ್ಕೆ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನನ್ನ ಅಂಗಡಿಯ ಲೆಕ್ಕ ಹೇಳುತ್ತೇನೆ. ಸಮುದ್ರದ ಚಿತ್ರಕ್ಕೆ ಕಟ್ಟು ಹಾಕಿಸುವವರು ಯಾರು ಗೊತ್ತೇ? ಹುಬ್ಬಳ್ಳಿ-ಧಾರವಾಡದವರು. ಹೊಸ ಮನೆ ಕಟ್ಟಿಸಿದವರು, ದವಾಖಾನೆ ತೆರೆದವರು. ಸೂರ್ಯ ಮುಳುಗುವ ಹೊತ್ತು, ಒಂದು ದೋಣಿ, ಬದಿಗೆ ಬಾಗಿದ ತೆಂಗಿನ ಮರ. ಇಂಥವು ತಿಂಗಳಿಗೆ ಮೂರಾದರೂ ಬರುತ್ತವೆ. ಕರಾವಳಿಯ ಚಿತ್ರಗಾರರು ನನ್ನ ಕೈಗೆ ಕೊಟ್ಟ ಚಿತ್ರಗಳಲ್ಲಿ ಸಮುದ್ರ ಇದ್ದದ್ದು ಬಹಳ ಕಡಿಮೆ. ಅಜ್ಜಿಯ ಮುಖ, ಅಂಗಡಿ ಸಾಲು, ಮದುವೆ ಮನೆಯ ಅಡುಗೆ ಒಲೆ, ಗದ್ದೆ. ಇದು ನನಗೆ ಹೊಳೆಯೋಕೇ ಮೂರ್ನಾಲ್ಕು ವರ್ಷ ಬೇಕಾಯಿತು.

ಇದೆಲ್ಲ ಶುರುವಾದದ್ದು ನನ್ನದೇ ತಪ್ಪಿನಿಂದ. ಹನ್ನೆರಡು ವರ್ಷದ ಹಿಂದಿನ ಮಾತು. ಕಾರವಾರದ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು ಆರು ಜಲವರ್ಣದ ಚಿತ್ರ ತಂದುಕೊಟ್ಟರು. ಚಿತ್ರ ಕಲಾವಿದ ಹಾಲಭಾವಿಯವರು ಇಲ್ಲಿ ಕಟ್ಟಿದ ಚಿತ್ರಕಲಾ ಶಾಲೆಯಲ್ಲಿ ಓದಿದವರು. ಹಳೇ ಪ್ರೀತಿಗೆ ಕಟ್ಟು ಧಾರವಾಡದಲ್ಲೇ ಆಗಬೇಕು ಅಂದರು. ನಾನು ಇಲ್ಲಿಯ ಮನೆಗಳಿಗೆ ಹಾಕುವ ಹಾಗೇ ಹಾಕಿಕೊಟ್ಟೆ. ಗಾಜು ನೇರ ಚಿತ್ರದ ಮೇಲೆ, ಹಿಂದೆ ಹಾರ್ಡ್‌ಬೋರ್ಡ್, ಸಾದಾ ಕಬ್ಬಿಣದ ಮೊಳೆ. ಚಂದ ಕಾಣಿಸುತ್ತಿತ್ತು.

ಒಂದು ಮಳೆಗಾಲ ಕಳೆಯಿತು. ಫೋನ್ ಬಂತು. “ನಿಮ್ಮ ಕಟ್ಟು ಒಮ್ಮೆ ಬಂದು ನೋಡಿಕೊಂಡು ಹೋಗಿ.” ಅಷ್ಟೇ.

ಹೋಗಿ ನೋಡಿದರೆ ಹಾರ್ಡ್‌ಬೋರ್ಡ್ ಉಬ್ಬಿ ಹಪ್ಪಳದ ಹಾಗೆ ಆಗಿತ್ತು. ಮೊಳೆ ಇದ್ದ ಜಾಗದಿಂದ ಕಂದು ಬಣ್ಣದ ಗೆರೆ ಇಳಿದು ಗೋಡೆಗೂ ಹತ್ತಿತ್ತು. ಗಾಜಿನ ಒಳಗೆ ಸಾಸಿವೆ ಚೆಲ್ಲಿದಂತೆ ಬೂಷ್ಟಿನ ಚುಕ್ಕೆ. ಎರಡು ಚಿತ್ರ ಗಾಜಿಗೇ ಅಂಟಿಕೊಂಡಿದ್ದವು. ಎಬ್ಬಿಸಲು ಹೋದರೆ ಬಣ್ಣವೂ ಕಿತ್ತು ಬರುತ್ತಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಮಾಸ್ತರು ಬೈಯಲಿಲ್ಲ. ಚಹಾ ಕೊಟ್ಟರು. ಆಮೇಲೆ ಬಟ್ಟೆಯ ಕಪಾಟು ತೆಗೆದು ತೋರಿಸಿದರು. ಕೋಟಿನ ಮೇಲೆ ಬೂಷ್ಟು, ಚರ್ಮದ ಬೆಲ್ಟಿನ ಮೇಲೆ ಬೂಷ್ಟು. “ನೋಡಿ, ನಿಮಗೆ ಸಮುದ್ರ ಅಂದ್ರೆ ಅಲ್ಲಿ ಹೊರಗೆ ಕಾಣ್ತದಲ್ಲ, ಅದು. ನಮಗೆ ಇದೂ ಸಮುದ್ರವೇ” ಅಂದರು.

ಅಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನಮ್ಮ ಧಾರವಾಡದ ಮಳೆ ಅದರ ಮೂರನೇ ಒಂದು ಪಾಲೂ ಆಗುವುದಿಲ್ಲ. ಮೇಲೆ ಉಪ್ಪಿನ ಗಾಳಿ ಬೇರೆ. ಈಗ ಅಲ್ಲಿಗೆ ಹಾಕುವ ಕಟ್ಟೇ ಬೇರೆ. ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಮೌಂಟ್ ಇಟ್ಟು ಸಂದು ಬಿಡುತ್ತೇನೆ. ಮೊಳೆ ಸ್ಟೀಲಿನದು ಅಥವಾ ಹಿತ್ತಾಳೆಯದು. ಹಿಂದೆ ಸುತ್ತಲೂ ಟೇಪು. ಕೆಳಗಿನ ಎರಡು ಮೂಲೆಗೆ ಹಳೇ ಹವಾಯಿ ಚಪ್ಪಲಿಯಿಂದ ಕೊಯ್ದ ರಬ್ಬರಿನ ಬಿಲ್ಲೆ. ಕಟ್ಟು ಗೋಡೆಗೆ ತಾಗಬಾರದು, ಹಿಂದೆ ಗಾಳಿ ಆಡಬೇಕು. ಈ ಚಪ್ಪಲಿಯ ಉಪಾಯ ಮಾಸ್ತರರದ್ದೇ.

ನೀವು ಸಮುದ್ರದ ಚಿತ್ರ ಯಾಕೆ ಬಿಡಿಸುವುದಿಲ್ಲ ಅಂತ ಅವರನ್ನು ನಾನೂ ಕೇಳಿದ್ದೆ, ಎಲ್ಲರ ಹಾಗೇ. “ಬಾಗಿಲು ತೆಗೆದರೆ ಕಾಣ್ತದೆ. ಅದನ್ನ ಎಂತ ಬಿಡಿಸೂದು?” ಅಂದು ನಕ್ಕರು. ಅವರು ಮತ್ತೆ ಮತ್ತೆ ಬಿಡಿಸುವುದು ನವಲಗುಂದದ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಧಾರವಾಡದಲ್ಲಿ ಓದುವಾಗ ಗೆಳೆಯನೊಬ್ಬ ಎಳ್ಳಮಾಸಿ ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗಿದ್ದನಂತೆ. ಹೊಲದಲ್ಲಿ ಚರಗ ಚೆಲ್ಲಿ, ಕೂತು ಉಂಡು, ಸುತ್ತ ನೋಡಿದರೆ ಒಂದು ಗುಡ್ಡವೂ ಇಲ್ಲ. “ಇಷ್ಟು ಸಪಾಟು ಜಾಗ ನಾನು ನೀರಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ” ಅಂದರು. ಐವತ್ತು ವರ್ಷದಿಂದ ಅದೇ ಹೊಲ.

ಹಾಗೆ ನೋಡಿದರೆ ಇದು ಅವರೊಬ್ಬರ ಕಥೆಯಲ್ಲ. ಗೋಕರ್ಣದ ಹತ್ತಿರದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಹನೇಹಳ್ಳಿಯ ಕಥೆಗಳನ್ನು ಬರೆದದ್ದು ಮುಂಬೈಯಲ್ಲಿ ಕೂತು.

ಇನ್ನು ಕೆಲವರು ಠಾಕೂರರ ಹೆಸರು ತೆಗೆಯುತ್ತಾರೆ. ರವೀಂದ್ರನಾಥ ಠಾಕೂರರು 1880ರ ದಶಕದಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಅಲ್ಲಿದ್ದಾಗ ಒಂದು ನಾಟಕವನ್ನೇ ಬರೆದರು. ಬೀಚಿಗೆ ಈಗ ಅವರದೇ ಹೆಸರು. “ನೋಡ್ರಿ, ಸಮುದ್ರ ನೋಡಿದ ಕೂಡಲೇ ನಾಟಕ ಬಂತಲ್ಲ!” ಅನ್ನುತ್ತಾರೆ ನನ್ನ ಗಿರಾಕಿಗಳು. ಬಂತು, ಸರಿ. ಆದರೆ ಅವರು ಅಣ್ಣನ ಮನೆಗೆ ಬಂದ ನೆಂಟರು. ಕಪಾಟಿನ ಬೂಷ್ಟು ಒರೆಸುವ ಕೆಲಸ ಅವರಿಗೆ ಬಿದ್ದಿರಲಿಲ್ಲ ಅಂತ ನನ್ನ ಗುಮಾನಿ.

ಹೊನ್ನಾವರದ ಕಡೆ ಒಬ್ಬರು ಮದ್ದಳೆ ನುಡಿಸುವವರಿದ್ದಾರೆ. ಅವರ ಗುರುಗಳ ಫೋಟೋಗೆ ಕಟ್ಟು ಹಾಕಿಕೊಟ್ಟ ಮೇಲೆ ಪರಿಚಯ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ನೆಲ ಅದು. ಯಕ್ಷಗಾನ ಅಲ್ಲಿ ಮನೆ ಮನೆಯ ಮಾತು. ಅವರೂ ಸಮುದ್ರದ ಬಗ್ಗೆ ಏನೂ ಹೇಳಲಿಲ್ಲ. ಥಂಡಿಯ ಬಗ್ಗೆ ಮಾತ್ರ ಒಂದು ತಾಸು ಹೇಳಿದರು.

ಬಯಲಿನಲ್ಲಿ ರಾತ್ರಿ ಆಟ. ನಡುರಾತ್ರಿ ದಾಟಿತು ಅಂದ್ರೆ ಇಬ್ಬನಿ. ಮದ್ದಳೆಯ ಚರ್ಮ ನೀರು ಕುಡಿದು ಸಡಿಲ ಆಗುತ್ತದೆ. ಶ್ರುತಿ ಇಳಿಯುತ್ತದೆ. ಭಾಗವತರ ಶ್ರುತಿ ಇದ್ದಲ್ಲೇ ಇದೆ, ಮದ್ದಳೆ ಜಾರುತ್ತಿದೆ. ಒಂದು ಪದ್ಯಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಅರೆ ಗಳಿಗೆಯಲ್ಲಿ ಬಿಗಿ ಮಾಡಬೇಕು. ಅವರು ಕೈ ಹೇಗೆ ಹೋಗುತ್ತದೆ ಅಂತ ತೋರಿಸಿದರು. ಎಡಗೈ ಬೆರಳು ಇನ್ನೂ ನುಡಿಯುತ್ತಿದೆ, ಬಲಗೈ ಆಗಲೇ ಚರ್ಮದ ಅಂಚು ಒತ್ತಿ ನೋಡುತ್ತಿದೆ. ಮಾತು ಮಾತ್ರ ನನ್ನ ಜೊತೆ. “ಸಮುದ್ರ ನಮಗೆ ಎಂತ ಕೊಟ್ಟಿದೆ ಕೇಳಿದ್ರೆ, ಈ ಅಭ್ಯಾಸ ಕೊಟ್ಟಿದೆ” ಅಂದರು. ಮಳೆಗಾಲದಲ್ಲಿ ಬಯಲಾಟ ನಿಲ್ಲುತ್ತದೆ. ಆಗ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಕೂತು ಮಾತಲ್ಲೇ ರಾವಣನಾಗಬೇಕು, ಮಾತಲ್ಲೇ ಗೆಲ್ಲಬೇಕು. ಆ ದಿನಗಳಲ್ಲಿ ಮದ್ದಳೆ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಮಲಗಿರುತ್ತದಂತೆ.

ಬೇಲೇಕೇರಿಯಲ್ಲಿ ಸಿಕ್ಕವನು ಮಾತ್ರ ಸಮುದ್ರಕ್ಕೇ ಚಿತ್ರ ಬಿಡಿಸುವವನು. ದೋಣಿಗೆ ಹೆಸರು, ಹೂಬಳ್ಳಿ, ದೇವರು ಬರೆಯುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಅವು ದಡದಲ್ಲಿರುವಾಗಲೇ ಇವನ ದುಡಿಮೆ. ತಾಡಪಾಲಿನ ಕೆಳಗೆ, ಮಳೆ ಬಿಡುವು ಕೊಟ್ಟಾಗ. ಒಂದು ಸೀಸನ್ ಮುಗಿಯುವಷ್ಟರಲ್ಲಿ ಉಪ್ಪು ನೀರು ಅರ್ಧ ತಿಂದಿರುತ್ತದೆ. ಬೇಸರ ಆಗಲ್ವಾ ಅಂದೆ. “ತಿನ್ನದಿದ್ರೆ ನನಗೆ ಬರೋ ವರ್ಷ ಕೆಲಸ ಎಲ್ಲಿ?” ಅಂದ. ಚಿತ್ರ ನೂರು ವರ್ಷ ಬಾಳಲಿ ಅಂತ ಟೇಪು ಸುತ್ತುವ ನನಗೆ ಮಾತೇ ಹೊರಡಲಿಲ್ಲ.

ಕುಮಟಾದಲ್ಲಿ ಒಬ್ಬ ಗುಡಿಗಾರರ ಮನೆ. ಗಂಧದ ಕೆತ್ತನೆ, ಬೆಂಡಿನ ಕೆಲಸ ಅವರಲ್ಲಿ ತಲೆಮಾರಿನಿಂದ ಬಂದದ್ದು. ಆ ಮನೆಯ ಅಕ್ಕ ಬಾಸಿಂಗ ಮಾಡುತ್ತಾರೆ. ಬೆಂಡಿನ ಕೋಲನ್ನು ಎಡಗೈಯಲ್ಲಿ ತಿರುಗಿಸುತ್ತಾ ಬಲಗೈಯ ಉದ್ದ ಚಾಕುವನ್ನು ಸುಮ್ನೆ ಆನಿಸಿ ಹಿಡಿಯುತ್ತಾರೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ, ಬಿಳೀ ಕಾಗದದ ಹಾಗೆ ಹಾಳೆ ಸುರುಳಿಯಾಗಿ ಬರುತ್ತದೆ. ಅದು ಹರಿಯುವುದಿಲ್ಲ, ನಿಲ್ಲುವುದೂ ಇಲ್ಲ. ನಾನು ಒಂದು ಸಲ ಪ್ರಯತ್ನಿಸಿ ಬೆರಳು ಕೊಯ್ದುಕೊಂಡೆ. ಗಾಜು ಕೊಯ್ಯುವ ಕೈ ಅದು, ಆದರೂ!

ಆ ಅಕ್ಕನೇ ನನ್ನನ್ನು ತಿರುಗಿಸಿ ಕೇಳಿದ್ದು. “ಅಲ್ಲ, ನಿಮ್ಮ ಧಾರವಾಡದ ಕಡೆ ಎಲ್ಲರೂ ಹಾಡ್ತಾರಂತಲ್ಲ? ಅಲ್ಲಿ ನೀರಲ್ಲಿ ಎಂತ ಉಂಟು?”

ನನಗೆ ನಗು ಬಂತು. ನಾವು ಅವರ ಬಗ್ಗೆ ಕೇಳುವುದನ್ನೇ ಅವರು ನಮ್ಮ ಬಗ್ಗೆ ಕೇಳುತ್ತಾರೆ! ಧಾರವಾಡದಲ್ಲಿ ನಿಂತು ಕಲ್ಲು ಒಗೆದರೆ ಯಾವುದೋ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ನಾವೇ ಹೇಳಿಕೊಂಡು ತಿರುಗುತ್ತೇವೆ. ನಮ್ಮ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮಾತ್ರ ಹೇಳುವುದಿಲ್ಲ.

ನೀರಲ್ಲಿ ಏನೂ ಇಲ್ಲ ಅಕ್ಕ ಅಂದೆ. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿದ್ದರು. ಹಾಡಲು ಮೈಸೂರು ಅರಮನೆಗೆ ಹೋಗುತ್ತಿದ್ದರು. ನಮ್ಮ ಊರುಗಳು ಆ ದಾರಿಯಲ್ಲಿದ್ದವು. ಇಳಿದರು, ಉಳಿದರು, ಕಲಿಸಿದರು. ಕುಂದಗೋಳದ ಹುಡುಗನೊಬ್ಬ ಅವರ ಶಿಷ್ಯನಾಗಿ ಸವಾಯಿ ಗಂಧರ್ವರಾದ. ಅವರ ಹತ್ತಿರ ಗಂಗೂಬಾಯಿ ಹಾನಗಲ್ ಕಲಿತರು, ಭೀಮಸೇನ ಜೋಶಿ ಕಲಿತರು. ಕಲಿಸುವವರು ಬಂದರು, ಕಲಿಯುವವರು ಬೆಳಗಾಗೆದ್ದು ಮನೆ ಬಾಗಿಲಿಗೆ ಹೋದರು. ನಾನು ಬಲ್ಲಷ್ಟು ಇಷ್ಟೇ.

ಅಕ್ಕ ಚಾಕು ನಿಲ್ಲಿಸದೇ ಕೇಳಿಸಿಕೊಂಡರು. “ಹಂಗಾದ್ರೆ ನಮ್ಮದೂ ಅದೇ. ಅಪ್ಪ ಎದುರಿಗೆ ಕೂರಿಸಿ ಕಲಿಸಿದ, ಕಲಿತೆ. ಸಮುದ್ರಕ್ಕೆ ನಾನು ಹೋಗೂದು ವರ್ಷಕ್ಕೊಂದು ಸಲ, ನೆಂಟರು ಬಂದಾಗ.”

ಅದಕ್ಕೇ ನನಗೆ ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವ ಆ ಬಸ್ಸಿನ ಮೇಲೆ ಅಷ್ಟು ಅಕ್ಕರೆ. ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ. ರೈಲು ಬರುತ್ತದೆ ಅಂತ ದಶಕಗಳಿಂದ ಕೇಳುತ್ತಿದ್ದೇವೆ. ಕಾಡಿನ ತಕರಾರಿನಲ್ಲಿ ಕೂತಿದೆ. ಘಟ್ಟದ ಕೆಳಗಿನವರು ಈ ದಾರಿಯಲ್ಲೇ ಓದಲು ಧಾರವಾಡಕ್ಕೆ ಬಂದರು. 1862ರಿಂದ 1956ರವರೆಗೆ ಅವರೂ ನಾವೂ ಮುಂಬೈ ಸರಕಾರದ ಕೆಳಗೇ ಇದ್ದವರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಈ ಓಡಾಟ ಜಾಸ್ತಿ ಆಯಿತು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ನಮ್ಮ ವಿಶ್ವವಿದ್ಯಾಲಯದಲ್ಲೇ ಓದಿದವರು. ಹೋಗುವಾಗ ಏನೋ ಹೊತ್ತುಕೊಂಡು ಹೋದರು, ಬರುವಾಗ ಏನೋ ತಂದರು. ನಮ್ಮ ಮಾಸ್ತರು ಎರಿ ಹೊಲ ಹೊತ್ತುಕೊಂಡು ಹೋದ ಹಾಗೆ.

ಅಂಕೋಲಾ ಅಂದ ಮೇಲೆ ಒಬ್ಬರ ಹೆಸರು ಹೇಳದಿದ್ದರೆ ಆಗದು. ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು. 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು. ಓದು ಬರಹ ಇಲ್ಲದೆ ಅಷ್ಟೊಂದು ಹಾಡು ತಲೆಯಲ್ಲಿ ಇಟ್ಟುಕೊಂಡಿದ್ದವರು. ಅವರ ಸಮುದಾಯದ ಹಾಲಕ್ಕಿ ಒಕ್ಕಲಿಗರು ಇರುವುದು ಕಡಲಿಗೆ ಹತ್ತಿರ, ಆದರೆ ಮಾಡುವುದು ಬೇಸಾಯ. ಅವರ ಹಾಡಿನಲ್ಲೂ ಮದುವೆ, ಸುಗ್ಗಿ, ಗದ್ದೆ ಕೆಲಸ. ಎಲ್ಲಿದ್ದೇವೆ ಅನ್ನುವುದಕ್ಕಿಂತ ಏನು ಮಾಡಿಕೊಂಡಿದ್ದೇವೆ ಅನ್ನುವುದೇ ಹಾಡಾಗುತ್ತದೋ ಏನೋ.

ಹೋದ ಸಲ ಮಾಸ್ತರು ಇನ್ನೊಂದು ಎರಿ ಹೊಲ ಕೊಟ್ಟು ಕಳಿಸಿದರು. ಎಣ್ಣೆ ಬಣ್ಣದ್ದು. “ಇಲ್ಲಿ ಒಣಗೂದಿಲ್ಲ, ನಿಮ್ಮ ಬಿಸಿಲಲ್ಲಿ ಎರಡು ವಾರ ಇಡಿ” ಅಂದರು. ನೇರ ಬಿಸಿಲಿಗೆ ಇಡಲಿಲ್ಲ, ಅಂಗಡಿಯ ಬಾಗಿಲ ಹತ್ತಿರ ಗಾಳಿಗೆ ಇಟ್ಟಿದ್ದೆ. ಹರಗಿದ ಹೊಲ, ಮೊದಲ ಮಳೆ ಬಿದ್ದು ಇನ್ನೂ ಕಪ್ಪಾಗಿದೆ. ಮೇಲೆ ಸಂಜೆಯ ಬೆಳಕಿನ ಒಂದು ಪಟ್ಟಿ.

ಒಬ್ಬರು ಬಂದವರು ಅದರ ಮುಂದೆ ನಿಂತೇ ಬಿಟ್ಟರು. “ಇದು ರಾತ್ರಿ ಸಮುದ್ರ ಏನ್ರಿ? ಭಾಳ ಛಲೋ ಆಗೇದ.”

“ಅಲ್ರಿ. ನವಲಗುಂದದ ಹೊಲ.”

ಬಗ್ಗಿ ಹತ್ತಿರದಿಂದ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. “ಹೌದಲ್ರಿ. ನಮ್ಮ ಹೊಲಾನೂ ಅಲ್ಲೇ ಬಾಜೂಕ ಅದ.”

ಆಮೇಲೆ ನೆಟ್ಟಗೆ ನಿಂತು ಗೋಡೆಯ ಕಡೆ ಕಣ್ಣು ಹಾಯಿಸಿದರು. “ಇರ್ಲಿ ಬಿಡ್ರಿ, ಹೊಲಾ ದಿನಾ ನೋಡೂದ ಅದ. ಹಾಲ್‌ನ್ಯಾಗ ಹಾಕಾಕ ಸಮುದ್ರದ್ದು ಯಾವುದರ ಇದ್ರ ತೋರಸ್ರಿ.”