ಜುಹುವಿನಿಂದ ಬಳ್ಳಾರಿಗೆ ಹಾರಿದ ಟಪಾಲು

ಬಾಂಬೆಯ ವಿಲೇಪಾರ್ಲೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ಜುಹು ವಿಮಾನ ನಿಲ್ದಾಣದಿಂದ ಮೇಲೇಳುವ ಹೆಲಿಕಾಪ್ಟರ್‌ಗಳು ಕಾಣುತ್ತವೆ. ಸಮುದ್ರದಲ್ಲಿರುವ ಬಾಂಬೆ ಹೈ ಎಣ್ಣೆ ಬಾವಿಗಳಿಗೆ ಕೆಲಸದವರನ್ನು ಕರೆದೊಯ್ಯುವಂಥವು. ನಡುನಡುವೆ ಒಂದೊಂದು ಪುಟ್ಟ ವಿಮಾನ. ಟಿಕೆಟ್ ತಗೊಂಡು ಹತ್ತುವ ವಿಮಾನಗಳು 1948ರಲ್ಲೇ ಸಾಂತಾಕ್ರೂಜ್‌ಗೆ ಹೋದವು.

ನನ್ನ ತವರು ಬಳ್ಳಾರಿ. ಬಾಣಂತನಕ್ಕೆ ಬಂದಿದ್ದ ಅಮ್ಮ ಒಂದು ಸಂಜೆ ಬಾಲ್ಕನಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ, "ನಿಮ್ಮ ತಾತ ಸಣ್ಣವರಿದ್ದಾಗ ಬಾಂಬೆಯಿಂದ ಟಪಾಲು ವಿಮಾನ ನಮ್ಮೂರಿಗೆ ಬರ್ತಿತ್ತಂತೆ. ಶಾಲೆ ಬಿಟ್ಟು ಓಡ್ತಿದ್ರಂತೆ ನೋಡೋಕೆ" ಅಂದಳು. ತಾತ ಸುಮ್ನೆ ಕಥೆ ಕಟ್ಟಿರಬೇಕು ಅಂದುಕೊಂಡೆ. ಬಳ್ಳಾರಿ ಎಲ್ಲಿ, ಬಾಂಬೆ ಎಲ್ಲಿ!

ತಾತ ಹೇಳಿದ್ದು ನಿಜ. ಆ ವಿಮಾನ ಹೊರಡುತ್ತಿದ್ದದ್ದು ನಮ್ಮ ಬಾಲ್ಕನಿಗೆ ಕಾಣುವ ಇದೇ ಜುಹುವಿನಿಂದ.

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದೇ ಎಂಜಿನ್ನಿನ ಪಸ್ ಮಾತ್ ವಿಮಾನದಲ್ಲಿ ಒಬ್ಬರೇ ಹೊರಟರು. ಜೊತೆಗಿದ್ದದ್ದು ಸುಮಾರು 25 ಕಿಲೋ ಟಪಾಲು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಯವರೆಗೆ ತಂದಿದ್ದ ಕಾಗದಗಳು ಅವು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಡಬ್ಬಿಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಬಂತು! ಅದನ್ನು ಹಾಕಿಕೊಂಡು ಜುಹುವಿಗೆ ಬಂದರು. ಅಲ್ಲಿಂದ ಮುಂದೆ ಟಾಟಾ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಟಪಾಲನ್ನು ಮದ್ರಾಸಿಗೆ ಒಯ್ದರು. ಬಳ್ಳಾರಿಯ ಮೇಲೆ. ಮದ್ರಾಸಿನವರೆಗೆ ಒಂದೇ ಸಲಕ್ಕೆ ಹಾರುವಷ್ಟು ಶಕ್ತಿ ಆ ಪುಟ್ಟ ವಿಮಾನಕ್ಕೆ ಇರಲಿಲ್ಲ. ನಡುವೆ ಇಳಿಯೋಕೆ ನಮ್ಮೂರು ಬೇಕಾಯಿತು.

ಮುಂದೆ ಏರ್ ಇಂಡಿಯಾ ಆಗಿ ಬೆಳೆದದ್ದು ಟಾಟಾ ಅವರ ಇದೇ ಟಪಾಲು ಕಂಪನಿ. ಶುರುವಿನಲ್ಲಿ ಎರಡು ವಿಮಾನ, ಬೆರಳೆಣಿಕೆಯ ಜನ, ಅಷ್ಟೇ. ಜುಹುವಿನಲ್ಲಿ ಆಗ ಇದ್ದದ್ದು ಮಣ್ಣಿನ ನೆಲ. ಮಳೆಗಾಲದಲ್ಲಿ ಅದರ ಮೇಲೆ ಸಮುದ್ರದ ನೀರು ನಿಲ್ಲುತ್ತಿತ್ತು. ಆಗ ಗಂಟುಮೂಟೆ ಕಟ್ಟಿಕೊಂಡು ಎಲ್ಲರೂ ಪುಣೆಗೆ ಹೋಗುತ್ತಿದ್ದರು. ಯೆರವಡಾ ಜೈಲಿನ ಹತ್ತಿರದ ಒಂದು ಮೈದಾನವೇ ಅಲ್ಲಿ ವಿಮಾನ ನಿಲ್ದಾಣ. ಈಗಲೂ ಜುಲೈಯಲ್ಲಿ ನಮ್ಮ ರಸ್ತೆಯಲ್ಲಿ ಮೊಣಕಾಲವರೆಗೆ ನೀರು ಬಂದಾಗ ನನಗೆ ಆ ಕಂಪನಿಯ ಮೆಕ್ಯಾನಿಕ್‌ಗಳ ನೆನಪಾಗುತ್ತದೆ. ಅಂಥ ಪರಿಸ್ಥಿತಿಯಲ್ಲೂ 1933ರಲ್ಲಿ 155 ಪ್ರಯಾಣಿಕರನ್ನೂ ಸುಮಾರು ಹತ್ತು ಟನ್ ಟಪಾಲನ್ನೂ ಸಾಗಿಸಿದರು.

ಆಮೇಲೆ ದಾರಿ ಬದಲಾಯಿತು. ಬಳ್ಳಾರಿಯ ಬದಲು ಹೈದರಾಬಾದಿನ ಮೇಲೆ ಹೋಗತೊಡಗಿದರು.

ನನಗೆ ಬೇಸರ ಆಗೋದು ಒಂದೇ ವಿಷಯಕ್ಕೆ. ಆ ದಿನದ ಕಥೆ ಹೇಳುವವರು ಜಾಸ್ತಿ ಜನ ಜುಹುವಿಗೇ ನಿಲ್ಲಿಸಿಬಿಡುತ್ತಾರೆ. ಟಪಾಲು ಅಲ್ಲಿಗೇ ನಿಲ್ಲಲಿಲ್ಲ ಅಲ್ವಾ? ದೇಶದ ಮೊದಲ ಟಪಾಲು ದಾರಿಗಳಲ್ಲಿ ಒಂದು ನಮ್ಮೂರನ್ನು ಮುಟ್ಟಿ ಹೋಗಿದೆ. ಜುಹುವಿನ ಗೇಟಿನಲ್ಲಿ ಕರಾಚಿ, ಅಹಮದಾಬಾದು, ಬಾಂಬೆ, ಬಳ್ಳಾರಿ, ಮದ್ರಾಸು ಅಂತ ಐದೂ ಹೆಸರಿರುವ ಒಂದು ಫಲಕ ಹಾಕಬೇಕು. ಬಳ್ಳಾರಿಯಲ್ಲೂ ಒಂದು.

ಅಮ್ಮ ಅಂದು ಬಾಣಂತನ ಮಾಡಿದ ಆ ಮಗುವಿಗೆ ಈಗ ಇಪ್ಪತ್ತು ವರ್ಷ. ಈ ದೀಪಾವಳಿಗೆ ಅವಳನ್ನು ಕರೆದುಕೊಂಡು ರೈಲಿನಲ್ಲಿ ಊರಿಗೆ ಹೊರಟಿದ್ದೇನೆ. ಗುಂತಕಲ್‌ನಲ್ಲಿ ಗಾಡಿ ಬದಲಿಸಿದ ಮೇಲೆ ಇನ್ನೇನು ಊರು ಬಂತು ಅನ್ನುವಾಗ ಬಳ್ಳಾರಿಯ ಬಂಡೆಗುಡ್ಡ ಕಾಣುತ್ತದೆ. ಬಾಂಬೆಯಿಂದ ಹಾರಿ ಬಂದ ವಿನ್ಸೆಂಟ್‌ಗೂ ಊರಿನ ಗುರುತು ಅದೇ ಆಗಿರಬೇಕು. ಕಿಟಕಿ ಪಕ್ಕದ ಸೀಟು ಅವಳಿಗೇ ಬಿಡುತ್ತೇನೆ.